ಕುಂಬ್ಳೆ ಇಲ್ಲದ ಹನ್ನೊಂದು

ಕರ್ನಾಟಕದ ಸಾರ್ವಕಾಲಿಕ ಕ್ರಿಕೆಟ್ ತಂಡ ಕಟ್ಟಿ ಎಂದರೆ ಹಿರಿಯೂರಿನ ಚಹಾದಂಗಡಿಯಲ್ಲಿ ಏಳು ಹೆಸರು ಒಂದೇ ಉಸಿರಿಗೆ ಬಂದುಬಿಡುತ್ತವೆ: ದ್ರಾವಿಡ್, ವಿಶ್ವನಾಥ್, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ಪ್ರಸನ್ನ, ಚಂದ್ರಶೇಖರ್. ಮಿಕ್ಕ ನಾಲ್ಕು ಜಾಗಕ್ಕೆ ಮಧ್ಯಾಹ್ನದವರೆಗೂ ಜಗಳ. ಹೊಸದುರ್ಗದಲ್ಲೂ ಇದೇ ಕಥೆ, ಹೊಳಲ್ಕೆರೆಯಲ್ಲೂ ಇದೇ. ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನದಲ್ಲಿ ಟೆನ್ನಿಸ್ ಬಾಲ್ ಟೂರ್ನಿ ನಡೆಯುವಾಗ ಒಂದು ಮ್ಯಾಚು ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಕಿವಿಗೊಟ್ಟು ಕೇಳಿ, ಅಲ್ಲೂ ಇದೇ ಏಳು ಹೆಸರು. ತಂದೆ ಹೇಳಿದ್ದನ್ನು ಮಗ ಹೇಳುತ್ತಾನೆ, ಮಗ ಹೇಳಿದ್ದನ್ನು ಅವನ ಗೆಳೆಯರು.

ನನ್ನ ತಕರಾರು ಈ ಏಳು ಹೆಸರಿನ ಮೇಲೆಯೇ. ಇದು ಕರ್ನಾಟಕದ ತಂಡವಲ್ಲ, ಭಾರತಕ್ಕೆ ಆಡಿದ ಕನ್ನಡಿಗರ ತಂಡ. ಎರಡೂ ಒಂದೇ ಎಂದುಕೊಂಡು ನಾವು ಎಷ್ಟೋ ವರ್ಷದಿಂದ ಒಂದು ದೊಡ್ಡ ಅನ್ಯಾಯವನ್ನು ನಗುನಗುತ್ತಲೇ ಮಾಡಿಕೊಂಡು ಬಂದಿದ್ದೇವೆ. ಬೆಳಗಿನ ಮಂಜಿನಲ್ಲಿ, ಖಾಲಿ ಗ್ಯಾಲರಿಯ ಮುಂದೆ, ಟಿವಿಯ ಕ್ಯಾಮೆರಾ ಇಲ್ಲದೆ, ವರ್ಷವರ್ಷವೂ ರಾಜ್ಯಕ್ಕಾಗಿ ಆಡಿದವರ ಲೆಕ್ಕ ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದ ರಾಜ್ಯ ನಮ್ಮದು. ಆ ಎಂಟು ಕಪ್ಪುಗಳನ್ನು ಗೆದ್ದುಕೊಟ್ಟವರು ಯಾರು ಎಂಬುದೇ ಸಾರ್ವಕಾಲಿಕ ತಂಡದ ಮೊದಲ ಪ್ರಶ್ನೆಯಾಗಬೇಕು.

ಹಾಗಾಗಿ ನನ್ನ ನಿಯಮ ಒಂದೇ. ರಾಜ್ಯದ ಟೋಪಿ ತೊಟ್ಟು ಆಡಿದ್ದಷ್ಟೇ ಲೆಕ್ಕಕ್ಕೆ ಬರಬೇಕು. ಲಾರ್ಡ್ಸ್‌ನಲ್ಲಿ ಹೊಡೆದ ಶತಕ, ಮೆಲ್ಬರ್ನಿನಲ್ಲಿ ಕಿತ್ತ ವಿಕೆಟ್ಟು ದೇಶದ ಖಾತೆಗೆ ಹೋಗಲಿ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಈ ನಿಯಮ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಒಂದೊಂದು ಕ್ಲಬ್ಬಿಗೂ ಸಾರ್ವಕಾಲಿಕ ತಂಡ ಕಟ್ಟುವ ಹುಚ್ಚು ಹಳೆಯದು. 1999ರಲ್ಲಿ ಅಭಿಮಾನಿಗಳ ಮತದಿಂದಲೇ ಇಡೀ ಶತಮಾನದ ತಂಡವನ್ನು ಆರಿಸಿದ್ದರು. ಬೇಬ್ ರೂತ್ 1914ರಿಂದ 1919ರವರೆಗೆ ಬಾಸ್ಟನ್‌ನಲ್ಲಿದ್ದ, ಆಮೇಲೆ ನ್ಯೂಯಾರ್ಕಿಗೆ ಮಾರಾಟವಾದ. ಬಾಸ್ಟನ್‌ನವರು ತಮ್ಮ ತಂಡ ಕಟ್ಟುವಾಗ ಅವನನ್ನು ಚೆಂಡೆಸೆಯುವವನೆಂದು ನೆನೆಯುತ್ತಾರೆ. ನ್ಯೂಯಾರ್ಕಿನವರಿಗೆ ಅವನು ಚೆಂಡನ್ನು ಗ್ಯಾಲರಿಗೆ ಅಟ್ಟುವವನು. ಒಬ್ಬನೇ ಮನುಷ್ಯ, ಎರಡು ಊರು, ಎರಡು ಬೇರೆ ಲೆಕ್ಕ. ಅಂಥ ಶಿಸ್ತು ನಮಗೂ ಬರಬೇಕು.

ಮೈಸೂರು ತಂಡದಲ್ಲಿ ಆಡಿದ್ದನ್ನು ಸೇರಿಸಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಸೇರಿಸಬೇಕು. ಹೆಸರು ಬದಲಾಯಿತೇ ಹೊರತು ತಂಡ ಅದೇ. ಮೈಸೂರು 1941-42ರಲ್ಲಿ ಫೈನಲ್ ತಲುಪಿ ಬಾಂಬೆಗೆ ಸೋತಿತ್ತು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಸಾಲಿನಲ್ಲಿ, ಹೊಸ ಹೆಸರಿನ ಮೊದಲ ಋತುವಿನಲ್ಲೇ, ಕಪ್ಪು ಮನೆಗೆ ಬಂತು. ಇಷ್ಟು ಸರಿಯಾದ ಹೊತ್ತಿಗೆ ಬಂದ ಗೆಲುವು ನಮ್ಮ ಕ್ರೀಡಾ ಚರಿತ್ರೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಆ ಸಾಲಿನ ಸೆಮಿಫೈನಲ್ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ನನ್ನ ತಂಡದ ಬೆನ್ನುಮೂಳೆ ಆ ಪಂದ್ಯದಿಂದಲೇ ಬಂದದ್ದು. ಬಾಂಬೆ ಆಗ ಸತತ ಹದಿನೈದು ವರ್ಷ ರಣಜಿ ಗೆದ್ದ ತಂಡ. ಗವಾಸ್ಕರ್, ವಾಡೇಕರ್, ಅಶೋಕ್ ಮಂಕಡ್, ಸೋಲ್ಕರ್ ಇದ್ದ ತಂಡ. ಬೆಂಗಳೂರಿನಲ್ಲಿ ಪಂದ್ಯ. ಗುಂಡಪ್ಪ ವಿಶ್ವನಾಥ್ ಕ್ರೀಸಿಗೆ ಬಂದು ಎದುರಿಸಿದ ಮೊದಲ ಚೆಂಡೇ ಪ್ಯಾಡಿಗೆ ಬಡಿಯಿತು. ಅಬ್ದುಲ್ ಇಸ್ಮಾಯಿಲ್ ಗಂಟಲು ಹರಿಯುವಂತೆ ಮನವಿ ಮಾಡಿದರೂ ಅಂಪೈರ್ ಬೆರಳೆತ್ತಲಿಲ್ಲ ಎಂಬ ಮಾತನ್ನು ಎರಡೂ ಕಡೆಯವರು ಈಗಲೂ ಹೇಳುತ್ತಾರೆ. ಬದುಕಿಕೊಂಡ ವಿಶ್ವನಾಥ್ 162 ರನ್ ಹೊಡೆದರು. ಜೊತೆಗೆ ನಿಂತ ಬ್ರಿಜೇಶ್ ಪಟೇಲ್ 106. ಬಾಂಬೆ ಬ್ಯಾಟಿಂಗಿಗೆ ಇಳಿದಾಗ ಪ್ರಸನ್ನ ಒಂದು ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಆ ಚೆಂಡಿನ ವರ್ಣನೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಆದರೆ ಗವಾಸ್ಕರ್ ಅವರಂಥ ಗವಾಸ್ಕರ್ ಮೋಸ ಹೋದರು ಎಂಬುದರಲ್ಲಿ ಎರಡು ಮಾತಿಲ್ಲ. ವಾಡೇಕರ್ ಪಿಚ್ಚಿನ ನಡುವೆ ಕಾಲು ಜಾರಿ ರನೌಟಾದರು. ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕದ್ದಾಯಿತು, ಹದಿನೈದು ವರ್ಷದ ಕೋಟೆ ಬಿತ್ತು. ಜೈಪುರದಲ್ಲಿ ರಾಜಸ್ಥಾನದ ವಿರುದ್ಧದ ಫೈನಲ್ ಅದರ ಮುಂದುವರಿಕೆಯಷ್ಟೇ.

ವಿಶ್ವನಾಥ್, ಬ್ರಿಜೇಶ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ. ಈ ಐವರು ನನ್ನ ತಂಡದ ಮೊದಲ ಐವರು. ಇವರಲ್ಲಿ ವಿಶ್ವನಾಥ್ ಬಗ್ಗೆ ವಾದವೇ ಬೇಡ. ಭದ್ರಾವತಿಯಲ್ಲಿ ಹುಟ್ಟಿದವರು, ನಮ್ಮ ನೆರೆಯವರು. 1967-68ರಲ್ಲಿ ಮೈಸೂರು ಪರ ವಿಜಯವಾಡದಲ್ಲಿ ಆಂಧ್ರದ ಎದುರು ಆಡಿದ ಮೊದಲ ಪಂದ್ಯದಲ್ಲೇ 230 ರನ್. ಹತ್ತು ವರ್ಷದ ಮೇಲೆ, 1977-78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ 247. ಆ ಎರಡು ಇನಿಂಗ್ಸ್ ನಡುವೆ ಅವರು ಭಾರತಕ್ಕೆ ಎಷ್ಟೇ ದೊಡ್ಡವರಾಗಿದ್ದರೂ ರಾಜ್ಯದ ಪಂದ್ಯವನ್ನು ಸಣ್ಣದೆಂದು ನೋಡಲಿಲ್ಲ. ನಾಲ್ಕನೇ ಕ್ರಮಾಂಕ ಅವರದ್ದೇ.

ಬ್ರಿಜೇಶ್ ಪಟೇಲ್ ಹೆಸರು ಹೇಳಿದರೆ ಇಂದಿನ ಹುಡುಗರಿಗೆ ಆಡಳಿತಗಾರರೊಬ್ಬರು ನೆನಪಾಗುತ್ತಾರೆ. ಅದಕ್ಕೂ ಮುಂಚೆ ಅವರು ಬ್ಯಾಟು ಹಿಡಿದು ಸುಮಾರು ಎರಡು ದಶಕ ಈ ರಾಜ್ಯವನ್ನು ಹೊತ್ತವರು. ಪ್ರಥಮ ದರ್ಜೆಯಲ್ಲಿ 37 ಶತಕ. ಭಾರತ ತಂಡದಲ್ಲಿ ಅವರಿಗೆ ಸಿಕ್ಕಿದ್ದು 21 ಟೆಸ್ಟ್ ಮಾತ್ರ, ಅದರ ಲೆಕ್ಕ ಹಿಡಿದು ಹೋದರೆ ಯಾವ ಸಾರ್ವಕಾಲಿಕ ತಂಡಕ್ಕೂ ಬರುವುದಿಲ್ಲ. ರಾಜ್ಯದ ಲೆಕ್ಕ ಹಿಡಿದರೆ ಮೊದಲ ಮೂರು ಕಪ್ಪುಗಳ ಕಾಲವೇ ಅವರದ್ದು. 1982-83ರಲ್ಲಿ ಬಾಂಬೆಯನ್ನು ಬಾಂಬೆಯಲ್ಲೇ ಮಣಿಸಿದ ತಂಡಕ್ಕೆ ಅವರೇ ನಾಯಕ. ಐದನೇ ಕ್ರಮಾಂಕದಲ್ಲಿ ಅವರು, ಕವರ್ಸ್‌ನಲ್ಲಿ ಫೀಲ್ಡಿಂಗಿಗೂ ಅವರೇ.

ಆರಂಭಿಕರಾಗಿ ಒಬ್ಬರು ರೋಜರ್ ಬಿನ್ನಿ. 1983ರ ವಿಶ್ವಕಪ್ಪಿನ ಹದಿನೆಂಟು ವಿಕೆಟ್ ನೆನಪಿಟ್ಟವರು ಬಿನ್ನಿ ಆರಂಭಿಕ ಬ್ಯಾಟ್ಸ್‌ಮನ್ ಆಗಿದ್ದನ್ನು ಮರೆತುಬಿಡುತ್ತಾರೆ. 1977-78ರಲ್ಲಿ, ಹೊಸದುರ್ಗದಿಂದ ಅಜ್ಜಂಪುರ ದಾಟಿ ಹೋದರೆ ಸಿಗುವ ಚಿಕ್ಕಮಗಳೂರಿನಲ್ಲಿ, ಕೇರಳದ ವಿರುದ್ಧ ಬಿನ್ನಿ ಮತ್ತು ಸಂಜಯ್ ದೇಸಾಯಿ ಒಂದೂ ವಿಕೆಟ್ ಬೀಳಗೊಡದೆ 451 ರನ್ ಸೇರಿಸಿದರು. ಬಿನ್ನಿ ಔಟಾಗದೆ 211, ದೇಸಾಯಿ ಔಟಾಗದೆ 218. ಬೆಂಗಳೂರಿನಲ್ಲಲ್ಲ, ಮಲೆನಾಡಿನ ಸೆರಗಿನ ಒಂದು ಜಿಲ್ಲಾ ಕೇಂದ್ರದಲ್ಲಿ ಇಷ್ಟು ದೊಡ್ಡ ಜೊತೆಯಾಟ ನಡೆಯಿತು ಎಂಬುದು ನನಗೆ ತುಂಬ ಮುಖ್ಯ. ಬಿನ್ನಿ ಬ್ಯಾಟಿಂಗ್ ಶುರು ಮಾಡುತ್ತಾರೆ, ಹೊಸ ಚೆಂಡನ್ನೂ ಹಿಡಿಯುತ್ತಾರೆ. ಒಂದೇ ಜಾಗದಲ್ಲಿ ಇಬ್ಬರು ಸಿಕ್ಕಂತೆ.

ಇನ್ನೊಬ್ಬ ಆರಂಭಿಕ ಸ್ಥಾನಕ್ಕೆ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರ್ವಾಲ್ ನಡುವೆ ಪೈಪೋಟಿ. ಮಯಂಕ್ 2017-18ರ ರಣಜಿಯಲ್ಲಿ 1160 ರನ್ ಗಳಿಸಿದರು, ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ತ್ರಿಶತಕ ಹೊಡೆದರು. ಆದರೂ ರಾಹುಲ್. 2013-14ರಲ್ಲಿ 1033 ರನ್, ಅದರ ಫೈನಲ್‌ನಲ್ಲಿ ಶತಕ. ಮರುವರ್ಷ ಉತ್ತರ ಪ್ರದೇಶದ ವಿರುದ್ಧ 337, ಅದು ಕರ್ನಾಟಕದ ಆಟಗಾರನ ಮೊದಲ ತ್ರಿಶತಕ. ಆ ವರ್ಷದ ಫೈನಲ್‌ನಲ್ಲಿ 188. ಎರಡು ಕಪ್ಪಿಗೆ ಎರಡೂ ಫೈನಲ್‌ನಲ್ಲಿ ನಿಂತು ಆಡಿದವನನ್ನು ಬಿಡುವುದು ಹೇಗೆ?

ಮೂರನೇ ಕ್ರಮಾಂಕಕ್ಕೆ ರಾಹುಲ್ ದ್ರಾವಿಡ್. ಭಾರತಕ್ಕೆ ಅವರು ಗಳಿಸಿದ 13 ಸಾವಿರ ಚಿಲ್ಲರೆ ಟೆಸ್ಟ್ ರನ್ನುಗಳನ್ನು ಪಕ್ಕಕ್ಕಿಟ್ಟೇ ಹೇಳುತ್ತಿದ್ದೇನೆ. 1991ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಎದುರು 82 ರನ್ನಿನೊಂದಿಗೆ ಶುರು ಮಾಡಿ, ಭಾರತ ತಂಡದ ಕರೆಗಾಗಿ ಐದು ವರ್ಷಕ್ಕೂ ಹೆಚ್ಚು ಕಾಲ ರಾಜ್ಯದ ಪರ ರನ್ ಗುಡ್ಡೆ ಹಾಕಿದರು. ಹದಿಮೂರು ವರ್ಷದ ಬರದ ನಂತರ 1995-96ರಲ್ಲಿ ಕಪ್ಪು ಬಂದಾಗ ಚೆಪಾಕ್‌ನ ಫೈನಲ್‌ನಲ್ಲಿ ಶತಕ ಹೊಡೆದವರು ಅವರು. 1997-98ರ ಕಪ್ಪಿಗೆ ಅವರೇ ನಾಯಕ.

ಆರನೆಯವರು ಕರುಣ್ ನಾಯರ್. ಮನೀಶ್ ಪಾಂಡೆ ಬೇಡವೇ ಎಂದು ಮೈಸೂರಿನವರು ಕೇಳಬಹುದು. 2010ರ ಜನವರಿಯಲ್ಲಿ ಅವರೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧ 338ರ ಗುರಿ ಬೆನ್ನಟ್ಟಿ ಪಾಂಡೆ ಹೊಡೆದ 144 ಈ ರಾಜ್ಯದ ಕ್ರಿಕೆಟ್ಟಿನ ಅತ್ಯಂತ ಸುಂದರ ಇನಿಂಗ್ಸುಗಳಲ್ಲಿ ಒಂದು. ಆರೇ ಆರು ರನ್ನಿನಿಂದ ಸೋತೆವು. ಆ ನೋವು ನನಗೂ ಇದೆ. ಆದರೆ 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ತಂಡ 84ಕ್ಕೆ ಐದು ವಿಕೆಟ್ ಕಳೆದುಕೊಂಡು ನಿಂತಾಗ ಕರುಣ್ ಬಗ್ಗದೆ 328 ರನ್ ಬರೆದರು. ರಣಜಿ ಫೈನಲ್‌ನಲ್ಲಿ 1946-47ರಲ್ಲಿ ಗುಲ್ ಮಹಮ್ಮದ್ ಹೊಡೆದಿದ್ದ 319ರ ದಾಖಲೆ ಅಲ್ಲಿ ಮುರಿಯಿತು. ಕೆ.ಎಲ್. ರಾಹುಲ್ ಜೊತೆ ಸೇರಿಸಿದ್ದು 386.

ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ. ಚಂದ್ರ ಬೌಲಿಂಗಿಗೆ ಸ್ಟಂಪಿನ ಹತ್ತಿರ ನಿಂತು ಕೀಪಿಂಗ್ ಮಾಡುವುದೆಂದರೆ ಏನೆಂದು ಟೆನ್ನಿಸ್ ಬಾಲ್‌ನಲ್ಲಿ ಕೀಪಿಂಗ್ ಮಾಡಿದವರೂ ಊಹಿಸಬಹುದು. ಮಧ್ಯಮ ವೇಗದಲ್ಲಿ ಬರುವ ಗೂಗ್ಲಿ, ಅದಕ್ಕಿಂತ ವೇಗದ ಟಾಪ್ ಸ್ಪಿನ್ನರ್. ಯಾವುದು ಯಾವ ಕಡೆ ತಿರುಗುತ್ತದೋ ಬ್ಯಾಟ್ಸ್‌ಮನ್‌ಗೂ ಗೊತ್ತಿಲ್ಲ. ಆ ಚೆಂಡನ್ನು ಮಂಡಿ ಬಗ್ಗಿಸಿ, ಕೊನೆಗಳಿಗೆಯವರೆಗೆ ಏಳದೆ, ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದವರು ಕಿರ್ಮಾನಿ. ಅವರಿಲ್ಲದಿದ್ದರೆ ಚಂದ್ರ ಅವರ ಬೌಲಿಂಗಿನ ಅರ್ಧ ಬಲ ಹೋಗುತ್ತಿತ್ತು.

ಈಗ ಜಗಳದ ಜಾಗಕ್ಕೆ ಬಂದೆವು. ಏಳು ಮಂದಿ ಆದರು, ನಾಲ್ಕು ಜಾಗ ಉಳಿದಿವೆ, ನಾಲ್ವರೂ ಬೌಲರುಗಳಾಗಬೇಕು. ಪ್ರಸನ್ನ ಮತ್ತು ಚಂದ್ರ ಆಗಲೇ ಒಳಗಿದ್ದಾರೆ. ಪ್ರಸನ್ನ 1962ರ ವೆಸ್ಟ್ ಇಂಡೀಸ್ ಪ್ರವಾಸದಿಂದ ಬಂದ ಮೇಲೆ ಎಂಜಿನಿಯರಿಂಗ್ ಓದು ಮುಗಿಸಲೆಂದು ಟೆಸ್ಟ್ ಕ್ರಿಕೆಟ್ಟಿನಿಂದ ಐದು ವರ್ಷ ದೂರ ಉಳಿದವರು, ಮತ್ತೆ ಬಂದು ಮೊದಲಿಗಿಂತ ದೊಡ್ಡವರಾದವರು. ಚಂದ್ರಶೇಖರ್ ಪೋಲಿಯೊದಿಂದ ಸಣಕಲಾದ ಬಲಗೈಯಲ್ಲೇ ರಣಜಿಯಲ್ಲಿ 437 ವಿಕೆಟ್ ಕಿತ್ತವರು. ಚೆಂಡು ಫೀಲ್ಡ್ ಮಾಡಿ ಎಸೆಯುವುದಕ್ಕೆ ಎಡಗೈ, ವಿಕೆಟ್ ಕೀಳುವುದಕ್ಕೆ ಆ ಬಲಗೈ.

ಮೂರನೆಯವರು ಸುನಿಲ್ ಜೋಶಿ. ಗದುಗಿನ ಹುಡುಗ. ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದುಗಿಗೆ ವಾಪಸಾಗುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ರಣಜಿಯಲ್ಲಿ 479 ವಿಕೆಟ್. ಇಡೀ ರಣಜಿ ಇತಿಹಾಸದಲ್ಲಿ ಗೋಯೆಲ್, ವೆಂಕಟರಾಘವನ್ ಬಿಟ್ಟರೆ ಅವರ ಹಿಂದೆಯೇ ಬರುವ ಹೆಸರು. 1995-96ರ ಕಪ್ಪಿನ ವರ್ಷ ಒಂದೇ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 52 ವಿಕೆಟ್. 1998-99ರ ಕಪ್ಪಿಗೆ ನಾಯಕ. ಎಡಗೈ ಸ್ಪಿನ್, ಎಡಗೈ ಬ್ಯಾಟಿಂಗ್, ಎಂಟನೇ ಕ್ರಮಾಂಕಕ್ಕೆ ಹೇಳಿ ಮಾಡಿಸಿದಂತಿರುವ ಆಟಗಾರ.

ಉಳಿದದ್ದು ಒಂದೇ ಜಾಗ. ಹೊರಗೆ ನಿಂತಿರುವವರು ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್.

"ಏನಣ್ಣ, ಟೆಸ್ಟಲ್ಲಿ 619 ವಿಕೆಟ್ ತಗಂಡೋರನ್ನ ಬಿಟ್ಟು ಇನ್ಯಾರನ್ನ ಹಾಕ್ತೀಯ?" ಎಂದು ಹೊಳಲ್ಕೆರೆಯ ಗೆಳೆಯನೊಬ್ಬ ಕೇಳಿದ. ಕೋಪದಿಂದಲೇ ಕೇಳಿದ. ಅವನ ಕೋಪ ನನಗೆ ಅರ್ಥವಾಗುತ್ತದೆ. ಕೋಟ್ಲಾದ ಹತ್ತಕ್ಕೆ ಹತ್ತು ವಿಕೆಟ್, ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲಿಂಗ್ ಮಾಡಿದ್ದು, ಇವುಗಳನ್ನು ನೋಡಿ ಬೆಳೆದ ತಲೆಮಾರು ನಮ್ಮದು. ಕುಂಬ್ಳೆ ಅವರ ಹೆಸರಿನಲ್ಲೇ ಕಾಸರಗೋಡಿನ ಕನ್ನಡದ ಊರೊಂದಿದೆ. 1995-96ರ ಕಪ್ಪನ್ನು ನಾಯಕರಾಗಿ ಎತ್ತಿದ್ದೂ ಅವರೇ. ಶ್ರೀನಾಥ್ 1989-90ರಲ್ಲಿ ಹೈದರಾಬಾದಿನ ಎದುರು ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದವರು.

ಆದರೂ ನಿಯಮ ನಿಯಮವೇ. 1998-99ರ ಸಾಲನ್ನೇ ತೆಗೆದುಕೊಳ್ಳಿ. 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು, ದೇಶವೆಲ್ಲ ಕುಣಿಯಿತು. ಅದೇ ಋತುವಿನಲ್ಲಿ ವಿಜಯ್ ಭಾರದ್ವಾಜ್ ಎಂಬ ಕನ್ನಡಕದ ಹುಡುಗ ರಣಜಿಯಲ್ಲಿ 1280 ರನ್ ಕೂಡಿಟ್ಟ. ಫೈನಲ್‌ನ ಕೊನೆಯ ದಿನ ಮಧ್ಯಪ್ರದೇಶ ಡ್ರಾ ಮಾಡಿಕೊಳ್ಳುವಂತಿದ್ದಾಗ ಆಫ್ ಸ್ಪಿನ್ ಹಾಕಿ ಆರು ವಿಕೆಟ್ ಕಿತ್ತು ಕಪ್ಪು ತಂದುಕೊಟ್ಟ. ದೊಡ್ಡ ಗಣೇಶ್ ಆ ವರ್ಷ ಚೆಂಡು ಹಿಡಿದು ಓಡಿದ್ದಕ್ಕೆ ಲೆಕ್ಕವಿಲ್ಲ. ಕುಂಬ್ಳೆಯವರ ತಪ್ಪು ಇದರಲ್ಲಿ ಏನೂ ಇಲ್ಲ. ದೇಶ ಕರೆದಾಗ ಹೋಗಬೇಕು, ಹೋದರು. ಆದರೆ ರಾಜ್ಯದ ತಂಡ ಕಟ್ಟುವಾಗ ಗೈರುಹಾಜರಿಯನ್ನು ಹಾಜರಿ ಎಂದು ಬರೆಯಲಾಗುವುದಿಲ್ಲ. ಲೆಗ್ ಸ್ಪಿನ್ನಿಗೆ ಚಂದ್ರ ಇದ್ದಾರೆ, ರಾಜ್ಯಕ್ಕಾಗಿ ಅವರು ಮಾಡಿದ ದುಡಿಮೆ ಬಹಳ ಹೆಚ್ಚು. ನೋವಾಗುವ ಜಾಗದಲ್ಲಿ ಕೈಬಿಡುವುದಾದರೆ ನಿಯಮ ಯಾತಕ್ಕೆ?

ಹನ್ನೊಂದನೆಯ ಹೆಸರು ಆರ್. ವಿನಯ್ ಕುಮಾರ್.

ಇದು ಊರಿನ ಅಭಿಮಾನ ಅಂದುಕೊಳ್ಳುವವರು ಮೊದಲು ಲೆಕ್ಕ ನೋಡಲಿ. ರಣಜಿಯಲ್ಲಿ 442 ವಿಕೆಟ್, ಪ್ರಥಮ ದರ್ಜೆಯಲ್ಲಿ 504. 2021ರಲ್ಲಿ ನಿವೃತ್ತರಾದಾಗ ರಣಜಿಯಲ್ಲಿ ಅವರಿಗಿಂತ ಹೆಚ್ಚು ವಿಕೆಟ್ ಕಿತ್ತ ವೇಗದ ಬೌಲರ್ ಇಡೀ ದೇಶದಲ್ಲಿರಲಿಲ್ಲ. ಓಟ ದೊಡ್ಡದಲ್ಲ, ವೇಗವೂ ಹೆದರಿಸುವಂಥದ್ದಲ್ಲ. ಸೀಮ್ ನೆಟ್ಟಗೆ ಇಟ್ಟು ಬಿಟ್ಟ ಚೆಂಡು ಆಫ್ ಸ್ಟಂಪಿನ ಆಸುಪಾಸಿನಲ್ಲಿ ಬಿದ್ದು ಹೊರಕ್ಕೆ ಸರಿಯುತ್ತಿತ್ತು. ಮತ್ತೆ ಅದೇ ಜಾಗ, ಮತ್ತೆ ಅದೇ ಹೊರಕ್ಕೆ. ಬ್ಯಾಟ್ಸ್‌ಮನ್ ಬಿಡುವುದನ್ನು ರೂಢಿ ಮಾಡಿಕೊಂಡ ಹೊತ್ತಿಗೆ ಅದೇ ಜಾಗದಲ್ಲಿ ಬಿದ್ದ ಇನ್ನೊಂದು ಒಳಕ್ಕೆ ಬಂದು ಪ್ಯಾಡಿಗೆ ಬಡಿಯುತ್ತಿತ್ತು. ಇಡೀ ದಿನ ಒಂದೇ ಜಾಗಕ್ಕೆ ಚೆಂಡು ಹಾಕುವ ತಾಳ್ಮೆ ಕಲಿಸಿದರೆ ಬರುವುದಲ್ಲ.

ಇನ್ನು ಊರಿನ ವಿಷಯ. ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರವರಿ 12ರಂದು ದಾವಣಗೆರೆಯಲ್ಲಿ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಂದರೆ ಅವರ ಬಾಲ್ಯವೆಲ್ಲ ಚಿತ್ರದುರ್ಗ ಜಿಲ್ಲೆಯ ಬಾಲ್ಯವೇ. ದಾವಣಗೆರೆಯಿಂದ ಬೆಂಗಳೂರಿಗೆ ರೈಲು ಹತ್ತಿದರೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು, ಮುಂದೆ ಹೊಸದುರ್ಗ ರೋಡ್ ದಾಟಿ ಹೋಗಬೇಕು. ಬಸ್ ಹತ್ತಿದರೆ ಚಿತ್ರದುರ್ಗ, ಹಿರಿಯೂರು. ಕಿಟ್ ಬ್ಯಾಗ್ ಹೊತ್ತು ರಾಜಧಾನಿಗೆ ಹೋಗುವ ದಾವಣಗೆರೆಯ ಯಾವ ಆಟಗಾರನೂ ನಮ್ಮ ನಾಲ್ಕು ತಾಲ್ಲೂಕುಗಳನ್ನು ಬಿಟ್ಟು ಹೋಗಲಾರ. ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಜನ ಕರೆದ ಆ ಬೌಲರ್ ಮೇಲೆ ನಮಗೂ ಒಂದಿಷ್ಟು ಹಕ್ಕಿದೆ.

ಆ ದಾರಿ ಎಷ್ಟು ಕಷ್ಟದ್ದೆಂದು ಇಲ್ಲಿನ ಮೈದಾನಗಳಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಹಿರಿಯೂರಿನ ನೆಹರು ಮೈದಾನವಾಗಲಿ, ದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನವಾಗಲಿ, ಹುಡುಗರು ಆಡಿ ಬೆಳೆಯುವುದು ಟೆನ್ನಿಸ್ ಬಾಲ್‌ನಲ್ಲಿ. ಗಟ್ಟಿ ಕೆಂಪು ನೆಲದ ಮೇಲೆ ಆ ಚೆಂಡು ಸೊಂಟದೆತ್ತರಕ್ಕೆ ಪುಟಿಯುತ್ತದೆ, ಮುಂಗಾಲೆತ್ತಿ ಬೀಸಿದರೆ ಕಾಂಪೌಂಡ್ ಆಚೆ. ಪಂದ್ಯ ಎಂಟು ಹತ್ತು ಓವರಿನದ್ದು. ಚೆಂಡನ್ನು ಬಿಡುವುದು ಅಲ್ಲಿ ಅಪರಾಧ. ಅದೇ ಹುಡುಗ ಲೆದರ್ ಬಾಲ್ ಹಿಡಿದ ದಿನ ಎಲ್ಲವೂ ತಿರುವುಮುರುವು. ಮ್ಯಾಟಿನ ಮೇಲೆ ಚೆಂಡು ಎತ್ತರಕ್ಕೆ ಬರುತ್ತದೆ, ಟರ್ಫ್ ವಿಕೆಟ್ಟಿಗೆ ಹೋದರೆ ಅದೇ ಚೆಂಡು ಕೆಳಗೆ ಉಳಿದು ಜಾರುತ್ತದೆ, ಸೀಮ್ ಬಿದ್ದರೆ ಅತ್ತಿತ್ತ ಹೊರಳುತ್ತದೆ. ದಿನಕ್ಕೆ ಹದಿನೈದು ಇಪ್ಪತ್ತು ಓವರ್ ಒಂದೇ ಜಾಗಕ್ಕೆ ಹಾಕಬೇಕು. ಬೆಂಗಳೂರಿನ ಕ್ಲಬ್ಬಿನ ಹುಡುಗ ಹತ್ತು ವರ್ಷಕ್ಕೇ ಕಲಿಯುವುದನ್ನು ಇಲ್ಲಿನವನು ಹದಿನೇಳಕ್ಕೆ ಶುರು ಮಾಡುತ್ತಾನೆ. ಇಂಥ ಸೀಮೆಯಿಂದ ಹೋಗಿ 442 ವಿಕೆಟ್ ಕೀಳುವುದು ಸಣ್ಣ ಮಾತಲ್ಲ.

ವಿನಯ್ ಅವರ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 2013ರ ನವೆಂಬರ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ಹೊಡೆದ ದಿನ. ಅದೇ ದಿನ ವಿನಯ್ ಒಂಬತ್ತು ಓವರಿಗೆ 102 ರನ್ ಕೊಟ್ಟರು. ತಮ್ಮದೇ ಮೈದಾನದಲ್ಲಿ, ತಮ್ಮದೇ ಜನರ ಮುಂದೆ. ದೇಶದ ಮೂಲೆಮೂಲೆಯಲ್ಲೂ ಅವರನ್ನು ಗೇಲಿ ಮಾಡಿದರು, ಆಮೇಲೆ ಅವರು ಭಾರತಕ್ಕೆ ಆಡಲಿಲ್ಲ. ಅದೇ ಋತುವಿನಲ್ಲಿ ಅದೇ ಮನುಷ್ಯ ಕರ್ನಾಟಕದ ನಾಯಕನಾಗಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಎತ್ತಿದರು, ನಂತರ ಇರಾನಿ ಕಪ್, ನಂತರ ವಿಜಯ್ ಹಜಾರೆ ಟ್ರೋಫಿ. ಮರುವರ್ಷ ಮತ್ತೆ ಮೂರಕ್ಕೆ ಮೂರು. 2015ರ ವಾಂಖೆಡೆ ಫೈನಲ್‌ನಲ್ಲಿ ಮೊದಲು ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಮುದುರಿಸಿದರು, ಆಮೇಲೆ ಕೆಳ ಕ್ರಮಾಂಕದಲ್ಲಿ ಬಂದು ಔಟಾಗದೆ 105 ಹೊಡೆದರು. ಕರ್ನಾಟಕ 762 ರನ್ ಪೇರಿಸಿತು, ಇನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದಿತು. ಭಾರತದ ಲೆಕ್ಕದಲ್ಲಿ ವಿನಯ್ ಎಂದರೆ ಪರ್ತ್‌ನಲ್ಲಿ ಆಡಿದ ಒಂದೇ ಒಂದು ಟೆಸ್ಟ್ ಮತ್ತು ಆ 102 ರನ್. ಕರ್ನಾಟಕದ ಲೆಕ್ಕದಲ್ಲಿ ಎರಡು ವರ್ಷದಲ್ಲಿ ಆರು ಕಪ್ಪು. ನಾನು ಈ ನಿಯಮಕ್ಕೆ ಅಂಟಿಕೊಂಡಿರುವುದು ಇಂಥವರಿಗಾಗಿ.

ನಾಯಕತ್ವ ಮಾತ್ರ ವಿನಯ್‌ಗೆ ಕೊಡುವುದಿಲ್ಲ. ಕಪ್ಪಿನ ಎಣಿಕೆಯಲ್ಲಿ ಅವರೇ ಮುಂದೆ. ಆದರೆ ಹಿಂದೆ ಯಾರೂ ಗೆಲ್ಲದ ತಂಡಕ್ಕೆ ಗೆಲ್ಲಬಹುದೆಂಬ ನಂಬಿಕೆ ತುಂಬಿ, ಹದಿನೈದು ವರ್ಷದ ಬಾಂಬೆಯನ್ನು ಕೆಡವಿ, ಮತ್ತೆ 1977-78ರಲ್ಲೂ ಕಪ್ಪು ತಂದವರು ಪ್ರಸನ್ನ. ನಾಯಕ ಅವರೇ, ವಿನಯ್ ಉಪನಾಯಕ. ಕೋಚ್ ಜೆ. ಅರುಣ್ ಕುಮಾರ್, ತೊಂಬತ್ತರ ದಶಕದ ಕಪ್ಪುಗಳಲ್ಲಿ ಆರಂಭಿಕ ಬ್ಯಾಟ್ಸ್‌ಮನ್, ವಿನಯ್ ಕಾಲದ ಕಪ್ಪುಗಳಲ್ಲಿ ತರಬೇತುದಾರ.

ಇಬ್ಬರೇ ವೇಗಿಗಳು ಸಾಕೇ ಎಂಬ ಆಕ್ಷೇಪ ಬರುತ್ತದೆ. ಪ್ರಸನ್ನ ಅವರ ತಂಡ ಗೆದ್ದದ್ದೇ ಹಾಗೆ. ಚೆಂಡಿನ ಹೊಳಪು ಹೋದರೆ ಸಾಕು ಎಂದು ಕಾಯುತ್ತಿದ್ದ ತಂಡ ಅದು. ವಿನಯ್ ಒಂದು ತುದಿ, ಬಿನ್ನಿ ಇನ್ನೊಂದು ತುದಿ. ಆಮೇಲೆ ಒಂದು ಕಡೆ ಚಂದ್ರ, ಇನ್ನೊಂದು ಕಡೆ ಪ್ರಸನ್ನ, ನಡುನಡುವೆ ಜೋಶಿ ಬಂದು ಎಡಗೈಯಲ್ಲಿ ಬಿಗಿ ಹಿಡಿಯುತ್ತಾರೆ.

ಹದಿನೈದರ ಪಟ್ಟಿಯಲ್ಲಿ ಕುಂಬ್ಳೆ, ಶ್ರೀನಾಥ್, ಮಯಂಕ್ ಇದ್ದಾರೆ. ಹದಿನೈದನೆಯವರು ರಘುರಾಮ ಭಟ್. ಪುತ್ತೂರಿನ ಈ ಎಡಗೈ ಸ್ಪಿನ್ನರ್ 1981-82ರ ಸೆಮಿಫೈನಲ್‌ನಲ್ಲಿ ಬಾಂಬೆಯ ಎದುರು ಹ್ಯಾಟ್ರಿಕ್ ಪಡೆದರು. ಅವರ ತಿರುವು ಎದುರಿಸಲು ಗವಾಸ್ಕರ್ ಎರಡನೇ ಇನಿಂಗ್ಸಿನಲ್ಲಿ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು. ಅಂಥ ಮಹಾ ಬ್ಯಾಟ್ಸ್‌ಮನ್ ತನ್ನ ಕೈಯನ್ನೇ ಬದಲಿಸಿಕೊಳ್ಳುವಂತೆ ಮಾಡಿದ ಬೌಲರ್‌ಗೆ ಭಾರತ ಕೊಟ್ಟದ್ದು ಎರಡು ಟೆಸ್ಟ್. ಆ ಸಾಲಿನ ಫೈನಲ್‌ನಲ್ಲಿ ಕರ್ನಾಟಕ 705 ಹೊಡೆದರೂ ದಿಲ್ಲಿ 8 ವಿಕೆಟಿಗೆ 707 ಮಾಡಿ ಕಪ್ಪು ಒಯ್ದಿತು. ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದ ಅಭಿಮನ್ಯು ಮಿಥುನ್, ದೊಡ್ಡ ಗಣೇಶ್, ಉತ್ತಪ್ಪ, ಭಾರದ್ವಾಜ್, ಸುಧಾಕರ ರಾವ್, ವಿಜಯಕೃಷ್ಣ ಇವರೆಲ್ಲ ಹದಿನೈದರ ಹೊರಗೆ ಉಳಿಯಬೇಕಾಗಿ ಬಂತು. ಇವರನ್ನೇ ಸೇರಿಸಿ ಎರಡನೇ ತಂಡ ಕಟ್ಟಿದರೂ ಯಾವ ರಾಜ್ಯಕ್ಕೂ ಅದು ಹೆದರಬೇಕಿಲ್ಲ.

ಇದು ಗಂಡಸರ ತಂಡ. ಹೆಂಗಸರ ತಂಡವನ್ನೂ ಕಟ್ಟಬೇಕು, ನಾಯಕಿ ಶಾಂತಾ ರಂಗಸ್ವಾಮಿ ಎಂಬುದರಲ್ಲಿ ಸಂಶಯವಿಲ್ಲ. 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ಭಾರತದ ಮಹಿಳೆಯರಿಗೆ ಮೊದಲ ಟೆಸ್ಟ್ ಗೆಲುವು ತಂದವರು ಅವರು. ನಡುವಿನ ಕ್ರಮಾಂಕಕ್ಕೆ ವೇದಾ ಕೃಷ್ಣಮೂರ್ತಿ, ಹೊಸದುರ್ಗದ ಪಕ್ಕದ ಕಡೂರಿನವರು, 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು 45 ಚೆಂಡಿಗೆ 70 ಹೊಡೆದವರು. ಆದರೆ ಅಲ್ಲಿ ನನ್ನ ನಿಯಮ ಇದ್ದಂತೆಯೇ ನಡೆಯುವುದಿಲ್ಲ. ದೇಶದ ಒಳ್ಳೊಳ್ಳೆ ಆಟಗಾರ್ತಿಯರಿಗೆ ದಶಕಗಳ ಕಾಲ ಸಂಬಳದ ನೌಕರಿ ಕೊಟ್ಟಿದ್ದು ರೈಲ್ವೆ ಇಲಾಖೆ, ಹಾಗಾಗಿ ಎಷ್ಟೋ ಮಂದಿ ತಮ್ಮ ರಾಜ್ಯ ಬಿಟ್ಟು ರೈಲ್ವೇಸ್ ತಂಡಕ್ಕೆ ಆಡಿದರು. ಹೊಟ್ಟೆಪಾಡಿಗೆ ಹೋದ ವರ್ಷಗಳನ್ನು ಗೈರುಹಾಜರಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವರು ಕರ್ನಾಟಕಕ್ಕೆ ಆಡಿದ ಋತುಗಳನ್ನು ಎಣಿಸಿ, ರೈಲ್ವೇಸ್‌ಗೆ ಆಡಿದ್ದನ್ನು ಅವರ ವಿರುದ್ಧ ಎಣಿಸದೆ, ಆ ಹನ್ನೊಂದು ಮಂದಿಯನ್ನು ಆರಿಸಬೇಕು.